ಕೊಪ್ಪಲಿನ ಬೆಳಗಿನ ಬಸ್ಸು

ಕಂಡಕ್ಟರ್ ಕೆಲಸದಲ್ಲಿ ಸಂಬಳದ ಜೊತೆ ನಗುವೂ ಸಿಗುತ್ತದೆ. ಅದರಲ್ಲಿ ಪಿಎಫ್ ಹಿಡಿಯುವುದಿಲ್ಲ. ಕೆ.ಆರ್. ನಗರದಿಂದ ಭೇರ್ಯದ ಕಡೆ ಹೋಗುವ ನನ್ನ ಬಸ್ಸಿನ ಕೊನೆಯ ಸ್ಟಾಪು ಒಂದು ಪುಟ್ಟ ಕೊಪ್ಪಲು. ಅಲ್ಲಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗುತ್ತೇವೆ. ನಗುವುದಕ್ಕೆ ಅಷ್ಟು ಸಾಕು.

ಯಾವ ಕೊಪ್ಪಲು?

ನಮ್ಮ ಸೀಮೆಯಲ್ಲಿ ಅರ್ಧ ಹಳ್ಳಿಗಳ ಹೆಸರು ಕೊಪ್ಪಲು ಎಂದೇ ಮುಗಿಯುತ್ತದೆ, ಎಡವಿ ಬಿದ್ದರೆ ಯಾವುದಾದರೂ ಒಂದು ಕೊಪ್ಪಲಿನಲ್ಲೇ ಬೀಳುತ್ತೀರಿ. ಒಂದು ಸಂಜೆ, ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ತವರಿನಿಂದ ಒಬ್ಬಳೇ ಬಂದು ಬಸ್ ಹತ್ತಿದಳು.

"ಎಲ್ಲಿಗವ್ವ?"

"ಕೊಪ್ಪಲು."

"ಯಾವ ಕೊಪ್ಪಲು?"

"ನಮ್ಮತ್ತೆ ಇರೋ ಕೊಪ್ಪಲು."

ಊರಿನ ಪೂರ್ತಿ ಹೆಸರು ಮರೆತುಹೋಗಿದೆ, ಫೋನೂ ಆಫ್ ಆಗಿದೆ. ಪಾಪ, ಅಳುವುದೊಂದು ಬಾಕಿ. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಸಹಾಯಕ್ಕೆ ಬಂದರು. "ನಿಮ್ಮತ್ತೆ ಎಂಗವ್ರೆ ಯೋಳವ್ವ, ನಾವ್ ಗುರುತು ಹಿಡೀತೀವಿ."

ಹುಡುಗಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಬಾಯಿ ಒಸಿ ಜೋರು."

"ಅಂಗಾದ್ರೆ ನೀನು ಎಲ್ಲಾ ಕೊಪ್ಪಲಲ್ಲೂ ಇಳ್ದು ನೋಡ್ಬೇಕಾಯ್ತದೆ ಕಣವ್ವ" ಎಂದೆ ನಾನು.

ಯಜಮಾನರ ಸವಾರಿ

ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಕೊಪ್ಪಲಿನ ಯಜಮಾನರೊಬ್ಬರು ಬಸ್ ಹತ್ತುವುದನ್ನೇ ಬಿಟ್ಟರು. ಗೊಬ್ಬರ, ಬ್ಯಾಂಕು, ಮೋಟಾರ್ ರಿಪೇರಿ, ಎಲ್ಲದಕ್ಕೂ ಹೆಂಡತಿಯೇ. ಆಯಮ್ಮನಿಗೂ ಬೇಜಾರಿರಲಿಲ್ಲ, ಪೇಟೆಗೆ ಹೋದಾಗಲೆಲ್ಲ ಮಸಾಲೆ ದೋಸೆ ತಿಂದು ಬರುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಯಜಮಾನರೇ ಕೆನ್ನೆಗೆ ಟವೆಲ್ ಕಟ್ಟಿಕೊಂಡು ಹತ್ತುತ್ತಿದ್ದಾರೆ.

"ಏನ್ ಗೌಡ್ರೇ, ಇವತ್ತು ನೀವೇ ಬಂದ್ಬುಟ್ರಿ?"

"ಹಲ್ಲು ಕೀಳುಸ್ಬೇಕು ಕಣಯ್ಯ. ಅದುಕ್ಕೂ ಅವಳ್ನೇ ಕಳುಸ್ತಿದ್ದೆ. ಏನ್ ಮಾಡದು, ಹಲ್ಲು ನನ್ ಬಾಯ್ಲೈತೆ."

ಜನ ಎಣಿಸಲು ಬಂದವರು

ಕೊಪ್ಪಲಿನ ಬೆಳಗಿನ ಟ್ರಿಪ್ಪಿಗೆ ಜನ ಸಾಲದು, ನಾಳೆ ಹೊಸ ಸಾಹೇಬರು ಗೇಟಿನಲ್ಲಿ ಹತ್ತಿ ಎಣಿಸುತ್ತಾರೆ, ಕಡಿಮೆ ಇದ್ದರೆ ಟ್ರಿಪ್ ರದ್ದು ಎಂದು ಡಿಪೋದಿಂದ ಸುದ್ದಿ ಬಂತು. ಗೇಟು ಎಂದರೆ ಮೇನ್ ರೋಡಿನಿಂದ ಊರಿಗೆ ತಿರುಗುವ ಜಾಗ. ಊರಿನ ಹುಡುಗಿಯರು ಕಾಲೇಜಿಗೆ ಹೋಗುವುದೇ ಆ ಬಸ್ಸಿನಲ್ಲಿ. ಅದು ನಿಂತರೆ ಅವರ ಓದೂ ನಿಂತಂತೆ. "ನಾಳೆ ಒಂದಿನ ಎಲ್ರೂ ಬಂದ್ಬುಡಿ" ಎಂದು ಊರಿನವರ ಕಿವಿಗೆ ಹಾಕಿದೆ.

ಬಂದರು. ಅರಿಸಿನದ ಮೈಯ ಮದುಮಗ, ಪೂಜಾರಿ, ಕೊರಳಲ್ಲಿ ಟೇಪು ನೇತುಹಾಕಿಕೊಂಡ ಟೈಲರು, ಊರಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಎರಡು ಮೇಕೆ. ಎಲ್ಲರೂ ಮನೆಗೆ ಬೀಗ ಹಾಕಿಯೇ ಬಂದಿದ್ದರು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಗೇಟಿನ ಹತ್ತಿರ ಚೀಲ ಹಿಡಿದ ಯಾರೋ ಒಬ್ಬರು ಕೈ ಅಡ್ಡ ಹಾಕಿದರು. ನಾನು ಜನರ ಸಂದಿಯಿಂದಲೇ ಕೂಗಿದೆ: "ಜಾಗ ಇಲ್ಲ ಸಾರ್, ಹಿಂದಿನ ಬಸ್ಸಲ್ಲಿ ಬನ್ನಿ! ರೈಟ್!" ಹಿಂದೆ ಯಾವ ಬಸ್ಸೂ ಇಲ್ಲ. ಅದು ಬಾಯಿಗೆ ಬಂದ ರೂಢಿ ಮಾತು.

ಕೆ.ಆರ್. ನಗರ ಬಂದರೂ ಸಾಹೇಬರು ಹತ್ತಲಿಲ್ಲ. ಆಗ ಹೊಳೆಯಿತು, ಆ ಚೀಲದವರೇ ಸಾಹೇಬರು.

ಸಂಜೆ ಇಡೀ ಊರನ್ನು ವಾಪಸ್ ತಂದು ಇಳಿಸಿದಾಗ ಸಾಹೇಬರು ಒಂದು ಮನೆಯ ಜಗಲಿಯಲ್ಲಿ ಕೂತು ಮುದ್ದೆ ನುಂಗುತ್ತಿದ್ದರು. ಬಡಿಸುತ್ತಿದ್ದದ್ದು ಒಬ್ಬ ಅಜ್ಜಿ. ಮಂಡಿ ನೋವಿನಿಂದ ಬಸ್ ಹತ್ತಲಾಗದೆ ಊರಿನಲ್ಲಿ ಉಳಿದಿದ್ದವರು ಅವರೊಬ್ಬರೇ. ನಾನು ಓಡಿಹೋಗಿ ಕೈಮುಗಿದೆ. "ತಪ್ಪಾಯ್ತು ಸಾರ್. ಟ್ರಿಪ್ ಮಾತ್ರ ನಿಲ್ಸಬೇಡಿ."

ಸಾಹೇಬರು ನಗುತ್ತಿದ್ದರು. "ನಿಲ್ಸಲ್ಲ ಬಿಡ್ರೀ. ಗೇಟಿಂದ ನಡ್ಕೊಂಡು ಬಂದ್ರೆ ಮನೆ ಮನೆಗೂ ಬೀಗ. ಜನಾನೇ ಇಲ್ಲದ ಊರಿಗೆ ಬಸ್ ಯಾಕಜ್ಜಿ ಅಂತ ಜೋರು ಮಾಡ್ದೆ. ಈ ಅಜ್ಜಿ ನಂಗೇನಂದ್ರು ಗೊತ್ತಾ? 'ಬಸ್ಸಿಗೆ ಜನ ಬೇಕು ಅಂದ್ರಲ್ಲಪ್ಪ, ಇದ್ದೋರ್ನೆಲ್ಲಾ ತುಂಬಿ ಕಳುಸ್ದೊ. ಈಗ ಊರ್ಗೂ ಜನ ಬೇಕು ಅಂದ್ರೆ ಎಲ್ಲಿಂದ ತರಾನ?'"