ತಾಸಿಗೊಂದು ಸುತ್ತು

ಮಕ್ತಲ್ ಹತ್ತಿರದ ಆ ಸಂತೆ ಬಯಲಿನಲ್ಲಿ ಹೆಂಗಸರ ಶೌಚಾಲಯ ಕಟ್ಟಿ ಎರಡು ವರ್ಷವಾಗಿತ್ತು, ಬೀಗ ತೆಗೆದಿರಲಿಲ್ಲ. ಅರ್ಜಿ ಬರೆದು ಬೇಸತ್ತ ಕಾಲೇಜು ಉಪನ್ಯಾಸಕಿ ರಜಿತಾ, ಸಂತೆಯ ದಿನ ಬೆಳಿಗ್ಗೆ ಎಂಟಕ್ಕೆ ಅದರ ಬಾಗಿಲೆದುರು ನಿಂತಳು. ಸಂಜೆಯವರೆಗೆ ಮಾತಿಲ್ಲ, ಅಲುಗಾಟವಿಲ್ಲ, ದೇಹಬಾಧೆಗೂ ಹೋಗುವಂತಿಲ್ಲ. ಕಾಲ ಬಳಿ ಬುಟ್ಟಿ ತುಂಬ ಕೆಂಪು ನೂಲು. ಕೊರಳಲ್ಲಿ ಫಲಕ: “ನೀವು ತಡೆದುಕೊಂಡ ಪ್ರತಿ ತಾಸಿಗೆ ನನಗೊಂದು ಸುತ್ತು ನೂಲು ಸುತ್ತಿರಿ.”

ನೂಲು ನಾರಾಯಣಪೇಟೆಯಲ್ಲಿ ರಜಿತಾಳ ಪಕ್ಕದ ಮನೆಯ ನೇಕಾರ್ತಿ ಕಿಷ್ಟಮ್ಮನದು. “ಒಂದು ಎಳಿ ಹರೀಬಾರದವ್ವ, ನಾಳಿ ಮಗ್ಗಕ್ಕ ಹಾಕೋದೈತಿ” ಎಂದು ಕಾವಲಿಗೆ ತಾನೂ ಬಂದು ಕೂತಿದ್ದಳು.

“ಏನ್ ಹರಕಿ ಇದು?” ಮೆಣಸಿನಕಾಯಿ ಮಾರುವ ಭೀಮಮ್ಮ ಕೇಳಿದಳು. ಕಿಷ್ಟಮ್ಮ ಫಲಕ ಓದಿ ಹೇಳಿದಳು.

“ಸಂತಿ ದಿನ ನಾ ನೀರs ಕುಡಿಯಂಗಿಲ್ಲ. ಅದಕ್ಕೂ ಸುತ್ತಬೇಕೇನು?”

“ಸುತ್ತು.”

ಭೀಮಮ್ಮ ಒಂಬತ್ತು ಸುತ್ತು ಬಂದಳು. ಬಸ್ಸಿನ ಕಂಡಕ್ಟರ್ ಮೌನಿಕಾ, ಡ್ರೈವರ್ ಹಾರ್ನ್ ಹೊಡೆಯುವವರೆಗೂ ಸುತ್ತಿದಳು. ಮಧ್ಯಾಹ್ನದ ಹೊತ್ತಿಗೆ ರಜಿತಾ ಕಾಲು ಬಂದ ನೂಲುಂಡೆಯಂತಿದ್ದಳು. ಅವಳ ಕಣ್ಣಲ್ಲಿ ನೀರಾಡಿತು. ಅದರಲ್ಲಿ ಅರ್ಧ ಮಾತ್ರ ಆ ಹೆಂಗಸರಿಗಾಗಿ ಎಂಬುದು ಅವಳಿಗಷ್ಟೇ ಗೊತ್ತಿತ್ತು.

ನಾಲ್ಕಕ್ಕೆ ಪಂಚಾಯಿತಿಯ ಸಾಹೇಬರು ಬಂದರು. ನೂಲುಂಡೆಯನ್ನು ನೋಡಿದರು, ಬೀಗವನ್ನು ನೋಡಿದರು. “ಚಾವಿ ಎಲ್ಲೈತಿ?”

“ನನ್ನ ಉಡದಾರಕ್ಕs ಐತ್ರಿ ಸಾಹೇಬ್ರ,” ಎಂದ ಕಾವಲುಗಾರ ಜಂಬಪ್ಪ. “ಯಾರೂ ನನ್ನ ಕೇಳಿದ್ದಿಲ್ರಿ.”

ಬಾಗಿಲು ತೆರೆಯಿತು. ಹೆಂಗಸರೆಲ್ಲ ಓಡಿದರು. ರಜಿತಾ ಕೂಡ ಕಾಲು ಎತ್ತಲು ಹೋಗಿ ಕಂಬದಂತೆ ಕಿಷ್ಟಮ್ಮನ ಮೇಲೆ ವಾಲಿದಳು. ಮೌನ ಅಲ್ಲಿಗೆ ಮುಗಿಯಿತು.

“ಅತ್ತಿ, ಲಗೂನ ಕತ್ತರಿಸ್ರಿ.”

“ಕತ್ತರಿಸೋದಾ? ಮಗ್ಗದ ನೂಲವ್ವ. ಸುಮ್ನ ತಿರುಗು.”

ರಜಿತಾ ತಿರುಗಿದಳು, ಕಿಷ್ಟಮ್ಮ ಉಂಡೆ ಕಟ್ಟಿದಳು. ಒಳಗಿಂದ ಹಗುರಾಗಿ ಬಂದವರು ಒಬ್ಬೊಬ್ಬರೇ ನಿಂತು, “ಬಾಳ ಪುಣ್ಯ ಕಟ್ಟಿಕೊಂಡ್ರಿ ಮೇಡಮ್” ಎಂದು ಅವಳ ಕೈ ಹಿಡಿದರು. ಹಿಡಿದಾಗಲೆಲ್ಲ ತಿರುಗುವುದು ನಿಂತಿತು.

ಐದಕ್ಕೆ ಕೊನೆಯ ಎಳೆ ಬಿಚ್ಚಿತು. ಓಡಿದಳು. ಬಾಗಿಲಿಗೆ ಮತ್ತೆ ಬೀಗ; ಕಾವಲಿನ ಹೊತ್ತು ಐದಕ್ಕೇ ಮುಗಿದಿತ್ತು. ಹೊರಟ ಬಸ್ಸಿನ ಕಿಟಕಿಯಿಂದ ಜಂಬಪ್ಪ, ಚಾವಿಯ ಸಮೇತ, ಅಭಿಮಾನದಿಂದ ಕೈಬೀಸುತ್ತಿದ್ದ.

ಮುಂದಿನ ಬಸ್ಸಿನಲ್ಲಿ ಕಿಷ್ಟಮ್ಮ ಉಂಡೆಯಿಂದ ಎಳೆಯೊಂದನ್ನು ಎಳೆದಳು. “ನಿಂದು ಒಂಬತ್ತು ತಾಸು. ಊರು ಮುಟ್ಟೂತನಕ ಇನ್ನೊಂದು. ಅದನ್ನೂ ಸೇರಿಸ್ಲೇನು?”

ರಜಿತಾ ನೂಲು ಸುತ್ತಲೆಂದು ಕೈ ಚಾಚಿದಳು.