ತಿಂಗಳಿಗೊಂದು ಬಗೆಯ ಪುಸ್ತಕ

ನನಗೆ ಓದಲು ಬರುವುದಿಲ್ಲ ಎಂದವರನ್ನು ನಾನು ಕ್ಷಮಿಸಿಯೇನು. ನಾನು ಒಂದೇ ಬಗೆಯದನ್ನು ಓದುವವಳು ಎಂದವರನ್ನು ಮಾತ್ರ ಕ್ಷಮಿಸಲಾರೆ, ಅಂದವರು ಸ್ವತಃ ಗಂಡನೇ ಆಗಿದ್ದರೂ. (ಗಂಡನೇ ಆಗಿದ್ದರು.)

ಅದು ಎಪ್ಪತ್ತೆಂಟನೇ ಇಸವಿಯ ಯುಗಾದಿ. ನಮ್ಮ ಮನೆಯವರು ರಾಚಪ್ಪನವರು ಇಳಕಲ್ಲಿನಿಂದ ದಿನಾ ಬಸ್ಸು ಹತ್ತಿ ಹುನಗುಂದದ ಕಚೇರಿಗೆ ಹೋಗಿಬರುವ ಗುಮಾಸ್ತರು. ಅವರ ಪಕ್ಕದ ಮೇಜಿನ ಅಂದಪ್ಪನವರು ಹಬ್ಬದೂಟಕ್ಕೆ ಬಂದಿದ್ದರು. ವಾರಪತ್ರಿಕೆಯ ಧಾರಾವಾಹಿಯೊಂದರ ಮಾತು ಬಂತು. ಹೋಳಿಗೆಗೆ ತುಪ್ಪ ಬಡಿಸುತ್ತಾ ನಾನೂ ಒಂದು ಅಭಿಪ್ರಾಯ ಬಡಿಸಿದೆ.

"ಏ, ನಿನಗೇನ್ ತಿಳೀತೈತಿ ಬಿಡು," ಎಂದರು ನಮ್ಮವರು. "ಓದೂದ್ರಾಗ ಹನ್ನೆರಡು ಬಗಿ ಇರ್ತಾವು. ನೀ ಓದೂದು ಒಂದ ಬಗಿ. ಸಾವ್ಕಾರ್ ಹುಡುಗ, ಬಡವ್ರ ಹುಡುಗಿ, ನಡುವ ಒಂದು ಕ್ಷಯ!"

ಅಂದಪ್ಪನವರು ನಕ್ಕ ರಭಸಕ್ಕೆ ಹೋಳಿಗೆ ನೆತ್ತಿಗೇರಿತು. (ಆ ಹೋಳಿಗೆಗೆ ನಾನು ಇಂದಿಗೂ ಋಣಿ.) ನನಗೆ ಮಾತ್ರ ಕಣ್ಣು ತುಂಬಿ ಬಂತು. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಕನ್ನಡಕ್ಕೆ ಮೊದಲಿಗಳಾಗಿ ಬಂದವಳು. ಆ ವರ್ಷವೇ ಅಪ್ಪ "ಇನ್ನ ಸಾಕು, ರೊಟ್ಟಿ ಬಡಿಯೂದು ಕಲಿ" ಎಂದು ಸಾಲಿ ಬಿಡಿಸಿದ್ದ. ರೊಟ್ಟಿ ಕಲಿತೆ. ಆದರೆ ಬಡಿಯುವುದೊಂದೇ ಗೊತ್ತಿರುವವಳು ಎಂದು ಪರರೆದುರು ಅನ್ನಿಸಿಕೊಳ್ಳಲು ನಾನು ತಯಾರಿರಲಿಲ್ಲ.

ತುಪ್ಪದ ಗಿಂಡಿ ಕೆಳಗಿಟ್ಟು ಸೆರಗು ಬಿಗಿದೆ. "ಹನ್ನೆರಡು ಬಗಿ ಅಂದ್ರಲ್ಲ? ಹನ್ನೆರಡೂ ಓದ್ತೇನಿ. ತಿಂಗಳಿಗೊಂದು ಬಗಿ. ಮುಂದಿನ ಯುಗಾದಿಗೆ ಅಂದಪ್ಪನವರು ಬಂದು ಪರೀಕ್ಷಾ ತಗೋಲಿ. ಸೋತ್ರ ನಾ ಪುಸ್ತಕ ಮುಟ್ಟಂಗಿಲ್ಲ. ಗೆದ್ರ ಪ್ರತಿ ಆದಿತ್ಯವಾರ ನೀವು ರೊಟ್ಟಿ ಬಡೀರಿ."

"ಆತು," ಎಂದರು ನಮ್ಮವರು, ಹಿಟ್ಟಿನ ಡಬ್ಬಿ ಎಲ್ಲಿದೆ ಎಂದೂ ಗೊತ್ತಿಲ್ಲದ ಮನುಷ್ಯ, ನಿಶ್ಚಿಂತೆಯಿಂದ.

ಮರುದಿನ ಯೋಜನೆ ಹಾಕಲು ಕುಳಿತೆ. ಪಂಚವಾರ್ಷಿಕ ಯೋಜನೆಯನ್ನೂ ಯಾರೂ ಅಷ್ಟು ತಲೆಕೆಡಿಸಿಕೊಂಡು ಹಾಕಿರಲಾರರು. ವಿಜ್ಞಾನ, ಪ್ರವಾಸ, ಪತ್ತೇದಾರಿ, ವೈದ್ಯ, ಇತಿಹಾಸ, ನಾಟಕ, ಆತ್ಮಚರಿತ್ರೆ ಎಂದು ಎಣಿಸುತ್ತಾ ಹೋದರೆ ಎಷ್ಟು ತಿಣುಕಿದರೂ ಹನ್ನೊಂದಾಯಿತು. ಹನ್ನೆರಡನೆಯದಕ್ಕೆ 'ಇತರೆ' ಎಂದು ಬರೆದೆ. (ಸರ್ಕಾರದವರೂ ಹೀಗೇ ಮಾಡುತ್ತಾರೆಂದು ನಮ್ಮವರಿಂದಲೇ ಕೇಳಿದ್ದೆ.) ಹಳೆಯ ಕ್ಯಾಲೆಂಡರಿನ ಬೆನ್ನಿಗೆ ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ನಮ್ಮತ್ತೆ ಗುರುಲಿಂಗವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಅವರಿಗೆ ಅಕ್ಷರ ಬಾರದು, ಆದರೆ ಅವರ ಕಣ್ಣು ತಪ್ಪಿಸಿ ಆ ಮನೆಯಲ್ಲಿ ಒಂದು ಇರುವೆಯೂ ಸಕ್ಕರೆ ತಿಂದಿದ್ದಿಲ್ಲ.

"ಇದೇನ ಹಚ್ಚೀಯವಾ ಗ್ವಾಡಿಗೆ?"

"ಓದೂದ್ರಿ ಅತ್ತಿ. ಒಂದು ವರ್ಷ, ತಿಂಗಳಿಗೊಂದು ಪುಸ್ತಕ. ದಿನಾ ಮಧ್ಯಾಹ್ನ ಒಂದು ತಾಸು."

ಅತ್ತೆಯ ಮುಖ ಅರಳಿತು. "ಹಂಗಂದ್ರ ಮನ್ಯಾಗ ಪುರಾಣ ಹಚ್ಚೀದಿ ಅನ್ನು! ಮಠದಾಗ ಶ್ರಾವಣಕ್ಕ ಹಚ್ತಾರ. ನೀ ವರ್ಷಗಟ್ಟಲೆ ಹಚ್ಚೀದಿ. ಪುಣ್ಯವಂತಿ ಬಿಡು!"

ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಮಧ್ಯಾಹ್ನದ ಆ ಒಂದು ತಾಸಿಗಾಗಿ ನಾನು ಮಹಾಯುದ್ಧಕ್ಕೆ ಸಿದ್ಧಳಾಗಿದ್ದೆ. ಶತ್ರುಪಕ್ಷವೇ ಹೂಮಾಲೆ ಹಿಡಿದು ಬಂದಾಗ ತಡೆಯುವವಳು ನಾನ್ಯಾಕೆ?

ಆದರೆ ಹೂಮಾಲೆಗೆ ದಾರವೊಂದಿತ್ತು. "ಪುರಾಣ ಅಂದ್ಮ್ಯಾಲೆ ದೊಡ್ಡದನಿಲೆ ಓದಬೇಕು. ಕೇಳಾಕ ನಾ ಅದೀನಿ," ಎಂದರು ಅತ್ತೆ. "ಮತ್ತ ಹಚ್ಚಿದ್ದು ಅರ್ಧಕ್ಕ ಬಿಟ್ರ ಮನಿಗೆ ಛಲೋ ಅಲ್ಲ, ನೆನಪಿಡು."

ಮೊದಲ ತಿಂಗಳು ವಿಜ್ಞಾನ. ನಮ್ಮ ಓಣಿಯ ತರುಣ ಸಂಘದ ವಾಚನಾಲಯದಲ್ಲಿ ವಿಜ್ಞಾನವೆಂಬುದು ಒಂದೇ ಒಂದು ಪುಸ್ತಕದಷ್ಟು ಬೆಳೆದಿತ್ತು. ಅದು ಕೋಳಿ ಸಾಕಣೆಯ ಪುಸ್ತಕ. ತತ್ತಿ ಎಂಬ ಮಾತನ್ನೂ ಹೊಸ್ತಿಲಾಚೆ ನಿಂತು ಆಡಬೇಕಾದ ಮನೆ ನಮ್ಮದು! ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದರೆ ಅತ್ತೆ ಆಗಲೇ ಪಡಸಾಲೆ ಸಾರಿಸಿ, ಮಣೆ ಹಾಕಿ, ಊದಿನಕಡ್ಡಿ ಹಚ್ಚಿ, ತಲೆತುಂಬ ಸೆರಗು ಹೊದ್ದು ಕುಳಿತಿದ್ದರು. ಪುಸ್ತಕಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದು, "ಹೂಂ, ಸುರು ಮಾಡು," ಎಂದರು.

ಸುರು ಮಾಡಿದೆ. ಜವಾರಿ ಹುಂಜ, ಪರದೇಶಿ ಹುಂಜ, ಅವುಗಳ ತೂಕ, ಗುಣ, ಸ್ವಭಾವ. ಅತ್ತೆ ಕಣ್ಣುಮುಚ್ಚಿ ತಲೆದೂಗಿದರು. ಮೂರನೆಯ ದಿನ ಮೆಲ್ಲಗೆ ಕೇಳಿದರು: "ಮಾದೇವಿ, ಈ ಪುರಾಣದಾಗ ದೇವರು ಯಾವಾಗ ಬರ್ತಾನ?"

"ಮುಂದಿನ ಅಧ್ಯಾಯದಾಗರಿ ಅತ್ತಿ."

ಮುಂದಿನ ಅಧ್ಯಾಯದಲ್ಲಿ ಬಂದದ್ದು ಕೋಳಿಗಳ ಭೇದಿ. ಅದರ ಲಕ್ಷಣಗಳನ್ನು ನಾನು ರಾಗವಾಗಿ ಓದುತ್ತಿದ್ದಾಗ, ಪಕ್ಕದ ಮನೆಯ ಲಾಡಬಿ ರೇಷ್ಮೆ ಸುತ್ತುವ ರಾಟೆ ಬಿಟ್ಟು ಓಡಿಬಂದಳು. "ಯಕ್ಕಾ, ಅದ! ನಮ್ಮ ಕೋಳಿಗೆ ಅದ ಆಗೇತಿ! ಮುಂದ ಓದವಾ, ಏನ್ ಕೊಡಬೇಕಂತ?"

ಓದಿದೆ. ಅವಳು ಕೊಟ್ಟಳು. ಕೋಳಿಗಳು ಎದ್ದು ಓಡಾಡಿದವು. ಅತ್ತೆಗೆ ಅಷ್ಟರಲ್ಲಿ ಅದು ಯಾವ ಪುಸ್ತಕವೆಂದು ತಿಳಿದುಹೋಗಿತ್ತು. ಆಯಿತು, ಇವತ್ತಿಗೆ ನನ್ನ ಒಂದು ತಾಸು ಮುಗಿಯಿತು ಎಂದುಕೊಂಡೆ. ಅವರು ತೀರ್ಪು ಕೊಟ್ಟರು: "ಇರಲಿ ಬಿಡು. ಜೀವ ಉಳಿಸಿತಲ್ಲ, ಇದೂ ಪುರಾಣನ."

ಅಂದಿನಿಂದ ಓಣಿಯ ಹೆಂಗಸರು ಒಬ್ಬೊಬ್ಬರೇ ಬರತೊಡಗಿದರು.

ಪತ್ತೇದಾರಿಯ ತಿಂಗಳಲ್ಲಿ ನಮ್ಮವರು ಅಮೀನಗಡದಿಂದ ಕರದಂಟು ತಂದಿದ್ದರು. ಡಬ್ಬಿ ದಿನದಿನಕ್ಕೆ ಹಗುರಾಗುತ್ತಿತ್ತು. ಅತ್ತೆ ಯಾರಿಗೂ ಹೇಳದೆ ಉಗ್ರಾಣದ ನೆಲಕ್ಕೆ ಜೋಳದ ಹಿಟ್ಟು ತೂರಿದರು. ಬೆಳಿಗ್ಗೆ ಹಿಟ್ಟಿನಲ್ಲಿ ಹೆಜ್ಜೆ ಮೂಡಿತ್ತು. ಹೆಬ್ಬೆರಳು ಸೊಟ್ಟಗಿತ್ತು. ಇಡೀ ಇಳಕಲ್ಲಿನಲ್ಲಿ ಆ ಹೆಬ್ಬೆರಳು ಒಬ್ಬರಿಗೇ ಇದ್ದದ್ದು, ಅದನ್ನು ಹೆತ್ತವರೇ ಹಿಡಿದರು. "ನನ್ನ ಮನ್ಯಾಗ ನಾ ಕಳ್ಳ ಆದೆ," ಎಂದು ನಮ್ಮವರು ಬುತ್ತಿ ಬಿಟ್ಟು ಬಸ್ಸಿಗೆ ಹೋದರು. ವೈದ್ಯದ ತಿಂಗಳಲ್ಲಿ ಅತ್ತೆಯ ಕಷಾಯಗಳನ್ನು ಕುಡಿದವರೂ ಅವರೇ. ಆ ತಿಂಗಳ ಮಾತೆತ್ತಿದರೆ ಈಗಲೂ ಎದ್ದು ಹೊರಗೆ ಹೋಗುತ್ತಾರೆ.

ಆದರೆ ನನ್ನ ಗೋಳು ಬೇರೆ. ನಾನು ಬಯಸಿದ್ದು ಒಬ್ಬಳೇ ಗೋಡೆಗೊರಗಿ, ಕಾಲು ಚಾಚಿ, ತುಟಿ ಅಲುಗಿಸದೆ ಓದುವ ಸುಖವನ್ನು. ಸಿಕ್ಕಿದ್ದು ಗಂಟಲು ನೋವು. ಕದ್ದು ಎರಡು ಪುಟ ಮುಂದೆ ಓದಿದರೂ ಮರುದಿನ ಅತ್ತೆ ಹಿಡಿಯುತ್ತಿದ್ದರು: "ನೀ ಇದನ್ನ ಮೊದಲ ಓದೀದಿ! ನಿನ್ನ ದನ್ಯಾಗ ಗೊತ್ತಾಕ್ಕೈತಿ. ಖೂನಿ ಆದ್ರೂ ನೀ ಗಾಬರಿ ಆಗವಲ್ಲಿ!"

ಬಿಟ್ಟುಬಿಡೋಣ ಎನ್ನಿಸಿದ್ದುಂಟು. ಆದರೆ ಪ್ರವಾಸದ ತಿಂಗಳಲ್ಲಿ ಒಂದು ಮಧ್ಯಾಹ್ನ ಸಮುದ್ರದ ವರ್ಣನೆ ಬಂತು. ಅತ್ತೆ ಬಾದಾಮಿಯ ಬನಶಂಕರಿ ದಾಟಿ ಆಚೆ ಹೋದವರಲ್ಲ. "ಅದು ನಮ್ಮ ಹೊಳಿಗಿಂತ ದೊಡ್ಡದಿರ್ತೈತೇನ? ಆಚಿ ದಂಡಿ ಕಾಣೂದ ಇಲ್ಲೇನ?" ಎಂದು ಕೇಳಿದರು. ಇಲ್ಲ ಎಂದೆ. "ಎವ್ವಾ! ಅಂಥಾದ್ರಾಗ ಮನಷ್ಯಾರು ಹೋಗ್ತಾರಲ್ಲ!" ಎಂದು ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತರು, ಪಡಸಾಲೆಗೇ ನೀರು ಬಂದವರ ಹಾಗೆ. ಆ ದಿನ ನಾನು ಇನ್ನೆರಡು ಅಧ್ಯಾಯ ಹೆಚ್ಚು ಓದಿದೆ. ಗಂಟಲು ಹಾಳಾಗಿ ಹೋಗಲಿ.

ಹೀಗೆ ವರ್ಷ ತುಂಬಿತು. ಯುಗಾದಿ ಬಂತು, ಅಂದಪ್ಪನವರೂ ಬಂದರು. ಅತ್ತೆಗೆ ಅದು ಪುರಾಣ ಮುಗಿಸುವ ಮಹಾಮಂಗಲ. ಹೆಂಗಸರೆಲ್ಲ ಮಡಿಚಿಟ್ಟಿದ್ದ ಇಳಕಲ್ಲ ಸೀರೆ ಉಟ್ಟು ಬಂದು ಪಡಸಾಲೆ ತುಂಬಿದ್ದರು. ನಾನು ತಲೆಸ್ನಾನ ಮಾಡಿ, ಹನ್ನೆರಡು ಬಗೆಯನ್ನೂ ಮನಸ್ಸಿನಲ್ಲೇ ತಿರುವಿ ಹಾಕಿ, ಗಂಡನ ರೊಟ್ಟಿಯನ್ನು ಕಣ್ಣೆದುರು ತಂದುಕೊಂಡು ಕುಳಿತೆ.

ಅಂದಪ್ಪನವರು ಗಂಟಲು ಸರಿಮಾಡಿಕೊಂಡರು. "ಅಕ್ಕಾರ, ವಿಜ್ಞಾನದಿಂದ ಸುರು ಮಾಡೂಣ. ಕೋಳಿ ಎಷ್ಟು ದಿವಸ ಕಾವಿಗೆ ಕೂಡತೈತಿ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ, "ಮೂರು ವಾರ! ಜರಾ ಥಂಡಿ ಇದ್ರ ಮತ್ತೊಂದು ದಿವಸ," ಎಂದಿತು ನನ್ನ ಬೆನ್ನ ಹಿಂದಿನ ದನಿ. ಅತ್ತೆ!

"ಇತಿಹಾಸದಾಗ..." ಎಂದು ಅಂದಪ್ಪನವರು ಪ್ರಶ್ನೆ ಮುಗಿಸುವ ಮೊದಲೇ ಬಾದಾಮಿಯ ಕೋಟೆ ಕಟ್ಟಿದವರು, ಅವರ ಮಕ್ಕಳು, ಅವರ ದಾಯಾದಿ ಜಗಳ, ಎಲ್ಲವನ್ನೂ ಅತ್ತೆ ನಮ್ಮ ಓಣಿಯ ಮನೆತನದ ಸುದ್ದಿಯ ಹಾಗೆ ಹೇಳಿಬಿಟ್ಟರು. ನಾನು ಎರಡು ಸಲ "ಅತ್ತಿ, ಪರೀಕ್ಷಾ ನಂದರಿ," ಎಂದೆ. "ನೀ ನೆನಪು ಮಾಡ್ಕೋಳೂದ್ರಾಗ ಹೊತ್ತು ಮುಳಗತೈತಿ, ತಡಿ," ಎಂದರು. ಹೆಂಗಸರು ಚಪ್ಪಾಳೆ ತಟ್ಟಿದರು. ಕೊನೆಗೆ ಅಂದಪ್ಪನವರು ಎದ್ದುನಿಂತು ಕೈಮುಗಿದು, "ಹನ್ನೆರಡೂ ಬಗಿ ಪಾಸು! ಆದ್ರ ಪಾಸಾದಾಕಿ ಗುರುಲಿಂಗವ್ವಾಯಿ!" ಎಂದು, ಗೆದ್ದವರಿಗೆಂದು ತಂದಿದ್ದ ಕಾಯಿ, ಕುಪ್ಪಸದ ಖಣ ಎರಡನ್ನೂ ಅತ್ತೆಯ ಉಡಿಗೆ ಹಾಕಿದರು.

ನಾನು ಗಂಡನ ಕಡೆ ತಿರುಗಿದೆ. "ಅದೆಲ್ಲಾ ಗೊತ್ತಿಲ್ರಿ. ಓದಿದಾಕಿ ನಾನು. ರೊಟ್ಟಿ ಬಡೀರಿ."

"ಗೆದ್ದಾಕಿ ಅವ್ವ," ಎಂದರು ನಮ್ಮವರು, ವರ್ಷವಿಡೀ ಕಾಣದ ಕಾಂತಿ ಮುಖದಲ್ಲಿ ತುಂಬಿಕೊಂಡು. "ಅವ್ವಾ, ನಿನಗ ನಾ ರೊಟ್ಟಿ ಬಡಿಯಾಕ ತಯಾರದೀನಿ."

"ಹುಚ್ಚ ಅದೀಯೇನ?" ಎಂದರು ಅತ್ತೆ. "ಮನ್ಯಾಗ ಸೊಸಿ ಇದ್ದಾಗ ಗಂಡಸ್ಯಾಕ ಬಡೀಬೇಕು?"

ಆಗ ನನ್ನ ತಲೆಯಲ್ಲಿ ಏನೋ ಪಟ್ಟೆಂದಿತು. ಗೋಡೆಯ ಮಾಡದಲ್ಲಿ ಕೈಗೆ ಸಿಕ್ಕ ಪುಸ್ತಕ ಎಳೆದುಕೊಂಡು, ಏಣಿ ಹತ್ತಿ ಮಾಳಿಗೆಗೆ ಹೋದೆ. ಹೋಗಿ ಏಣಿಯನ್ನೂ ಮೇಲೆಳೆದುಕೊಂಡೆ. "ಇನ್ನ ನಾ ಒಬ್ಬಾಕಿನ ಓದ್ತೇನಿ! ಮನಸಿನಾಗ ಓದ್ತೇನಿ! ಯಾರ ಬೇಕಾದವರು ರೊಟ್ಟಿ ಬಡ್ಕೋರಿ!" ಎಂದು ಕೂಗಿದೆ.

ಯುಗಾದಿಯ ಬಿಸಿಲಿಗೆ ಮಾಳಿಗೆಯ ಮಣ್ಣು ಹಂಚಿನಂತೆ ಕಾದಿತ್ತು. ಕಾಲು ಎತ್ತಿಡುತ್ತಾ, ಎತ್ತಿಡುತ್ತಾ ಅಂಚಿನ ಕುಂಬಿಗೋಡೆಯ ಗೇಣಗಲದ ನೆರಳಿನಲ್ಲಿ ಮುದುಡಿ ಕುಳಿತು ಪುಸ್ತಕ ಬಿಚ್ಚಿದರೆ, ಅದು ನಮ್ಮವರು ಇಲಾಖೆಯ ಪರೀಕ್ಷೆಗೆಂದು ತಂದಿಟ್ಟಿದ್ದ ನೌಕರರ ನಿಯಮಾವಳಿ! ಬದಲಿಸಬೇಕೆಂದರೆ ಇಳಿಯಬೇಕು. ಇಳಿದರೆ ಮಾನ ಹೋಗುತ್ತದೆ. ಓದಿದೆ. ಬಿಟ್ಟೇನೆಯೇ?

ವರ್ಷದ ಅಭ್ಯಾಸಬಲ, ನೋಡಿ. ನನಗೇ ಗೊತ್ತಿಲ್ಲದೆ ತುಟಿ ಅಲುಗಿ, ದನಿ ಹೊರಟುಬಿಟ್ಟಿತ್ತು. "ನೌಕರನು ದುಡಿದ ಅವಧಿಗೆ ತಕ್ಕಂತೆ ಗಳಿಕೆ ರಜೆಗೆ ಅರ್ಹನಾಗುತ್ತಾನೆ..." ಎಂದು ಓದುತ್ತಿದ್ದಾಗ ಅಂಗಳದಿಂದ ಅತ್ತೆಯ ಕೂಗು ಬಂತು: "ಮಾದೇವೀ, ಜರಾ ದೊಡ್ಡದನಿ ತಗಿಯವಾ! ಕೆಳಗ ಕೇಳಸವಲ್ದು!"

ಬಗ್ಗಿ ನೋಡಿದರೆ ಹೆಂಗಸರೆಲ್ಲ ಅಂಗಳದ ಬೇವಿನ ನೆರಳಿನಲ್ಲಿ ಆರಾಮವಾಗಿ ಕುಳಿತು, ಕತ್ತೆತ್ತಿ ಕೇಳುತ್ತಿದ್ದರು.

"ಮಾದೇವಕ್ಕಾ," ಎಂದಳು ಲಾಡಬಿ, "ದುಡದವರಿಗೆ ರಜಾ ಅಂದಿ ಅಲಾ, ಅದು ನಮಗೂ ಐತೇನು? ರೊಟ್ಟಿ ಬಡಿಯವರಿಗೆ, ನೀರ ತರವರಿಗೆ?"

"ತಡಿ, ನೋಡ್ತೇನಿ," ಎಂದೆ. ಪುಟ ತಿರುವಿದೆ. ಅರ್ಧ ಸಂಬಳದ ರಜೆ ಇತ್ತು, ರೋಗದ ರಜೆ ಇತ್ತು. ನಮ್ಮ ಸುದ್ದಿ ಎಲ್ಲಿಯೂ ಇರಲಿಲ್ಲ. ಕೆಳಗೆ ಅಷ್ಟೂ ಮುಖಗಳು ಮೇಲೆ ನೋಡುತ್ತಿದ್ದವು. ನಮ್ಮವರು ಬಾಗಿಲಲ್ಲಿ ನಿಂತು ನಗುತ್ತಿದ್ದರು.

"ಐತಿ!" ಎಂದು ಕೂಗಿದೆ. "ಸ್ವಚ್ಛ ಬರದೈತಿ! ಪ್ರತಿ ಆದಿತ್ಯವಾರ, ಹೊತ್ತ ಮುಳುಗೂತನ!"

"ಸುಳ್ಳು!" ಎಂದು ನಮ್ಮವರು ಚೀರಿದರು. ಆದರೆ ಸೊಟ್ಟ ಹೆಬ್ಬೆರಳಿನವರ ಮಾತನ್ನು ನಮ್ಮ ಓಣಿಯಲ್ಲಿ ಆಗ ಯಾರೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಮೇಲಾಗಿ ಅತ್ತೆಯೇ ಅಂದುಬಿಟ್ಟರು: "ಪುಸ್ತಕದಾಗ ಐತಿ ಅಂದ್ಮ್ಯಾಲೆ ಐತಿ."

ಆ ಆದಿತ್ಯವಾರ ಬೆಳಿಗ್ಗೆ ನಮ್ಮ ಓಣಿಯಲ್ಲಿ ಒಂದೂ ಒಲೆ ಹೊತ್ತಲಿಲ್ಲ. ರೊಟ್ಟಿ ಬಡಿಯುವ ಸಪ್ಪಳವೇ ಇಲ್ಲದೆ ಓಣಿ ಊರೊಳಗೆ ಇಲ್ಲದ ಹಾಗಿತ್ತು. ನಾನು ಮಾಡಿದ ಕ್ರಾಂತಿಯನ್ನು ಕಣ್ತುಂಬ ನೋಡಿಕೊಳ್ಳೋಣವೆಂದು, ಕೈಯಲ್ಲಿ ನಾಟಕದ ಪುಸ್ತಕ ಹಿಡಿದು ಕಟ್ಟೆಯ ಮೇಲೆ ಬಂದು ಕೂತೆ. ಓಣಿಯ ಹೆಂಗಸರೆಲ್ಲ ಸಾಲಾಗಿ ಬಂದರು. ರಜೆ ಸಿಕ್ಕ ಮೇಲೆ ಎಲ್ಲಿಗೆ ಹೋಗಬೇಕು ಎಂದು ಅವರಿಗೆ ತಿಳಿದಿರಲಿಲ್ಲವಂತೆ. ಅದಕ್ಕೇ ನಮ್ಮ ಮನೆಗೆ ಬಂದರಂತೆ.

"ಬರ್ರಿ, ಬರ್ರಿ," ಎಂದು ಅತ್ತೆ ಜಮಖಾನೆ ಹಾಸಿದರು. ಆಮೇಲೆ ನನ್ನ ಕಡೆ ತಿರುಗಿ, "ಏನ ಕುಂತೀಯವಾ? ಇಷ್ಟು ಮಂದಿ ಬಂದಾರ, ಮಿರ್ಚಿ ಕರಿ, ಚಹಾ ಇಡು," ಎಂದರು.

"ನನಗೂ ರಜಾ ಐತ್ರಿ ಅತ್ತಿ!"

"ನೀ ಓದಿ ಹೇಳಿದಾಕಿ. ರಜಾ ಕೇಳಿದವರಿಗೆ," ಎಂದರು ಅತ್ತೆ. ಹೆಂಗಸರೆಲ್ಲ ಹೌದ್ಹೌದು ಎಂದರು. ನಮ್ಮವರು ಮೂಲೆಯಲ್ಲಿ ಪೇಪರು ಅಡ್ಡ ಹಿಡಿದು ಕುಲುಕುಲು ನಕ್ಕರು.

ಒಳಗೆ ಹೋದೆ. ಕಡಲೆಹಿಟ್ಟು ಕಲಸಿದೆ. ಎಣ್ಣೆ ಕಾಯಿತು. ಬಲಗೈಯಲ್ಲಿ ಕರಿಯುವ ಜಾರಿಸೌಟು ಹಿಡಿದೆ, ಎಡಗೈಯಲ್ಲಿ ನಾಟಕ ಹಿಡಿದೆ, ತುಟಿಯನ್ನು ಗಟ್ಟಿಯಾಗಿ ಕಚ್ಚಿಕೊಂಡು ಒಂದು ಅಕ್ಷರವೂ ಹೊರಗೆ ಬೀಳದಂತೆ ಪೂರ್ತಿ ಒಂದು ಅಂಕ ಓದಿ ಮುಗಿಸಿದೆ. ಮಿರ್ಚಿಗಳೆಲ್ಲ ಸುಟ್ಟು ಇದ್ದಿಲಾದವು.

ತಟ್ಟೆ ತುಂಬ ಹಾಕಿ ಹೊರಗೆ ತಂದಿಟ್ಟೆ. ಎಲ್ಲರೂ ಒಂದೊಂದು ಎತ್ತಿಕೊಂಡು ಕರುಂ ಕರುಂ ಅಗಿದರು. ಯಾರಾದರೂ ಏನಾದರೂ ಅನ್ನಲಿ ನೋಡೋಣ.