ಶಾಲು ಹೊದ್ದ ಬಾಳೆಗೊನೆ

ಕೃಷಿ ನೀತಿ ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ತಯಾರಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದರ ಅರ್ಧ ನನ್ನ ತಲೆಯಿಂದಲೇ ಹೋಗಿದ್ದು. ಉಳಿದರ್ಧ ಯಾರದು ಅಂತ ನನಗೂ ಗೊತ್ತಿಲ್ಲ. ನಾನು ಕಮಲಾಪುರದ ಕೆಂಪು ಬಾಳೆ ಬೆಳೆಗಾರರ ಸಂಘದ ಅಧ್ಯಕ್ಷ. ಹಾಗಾಗಿ ಕಲಬುರಗಿಯ ಕೃಷಿ ನೀತಿ ಸಲಹಾ ಸಮಿತಿಯಲ್ಲಿ ರೈತರ ಪರವಾಗಿ ಇರುವ ಏಕೈಕ ಗಂಡು. ನಾನು ಕಾಲಿಟ್ಟ ಸಭೆಯಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ, ಕೆಲಸ ಒಂದನ್ನು ಬಿಟ್ಟು.

೧. ಬೇಡಿಕೆ

ನಮ್ಮ ಬಾಳೆ ಹುಟ್ಟುವಾಗಲೇ ಕೆಂಪು. ಕಾಯಿಯೂ ಕೆಂಪು, ಹಣ್ಣೂ ಕೆಂಪು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಗಿರಾಕಿಗಳು ಬಣ್ಣ ನೋಡಿ ಹಣ್ಣೆಂದು ಕಾಯಿ ಒಯ್ಯುತ್ತಾರೆ, ಮರುದಿನ ಬೈಯಲು ಬರುತ್ತಾರೆ. ಬೈಗುಳ ತಿಂದು ತಿಂದು ಸಾಕಾದ ನಮ್ಮ ಹಣ್ಣಿನ ವ್ಯಾಪಾರಿ ಚಾಚಾ ಒಂದು ದಿನ ಗೊನೆ ತಟ್ಟಿ ಹೇಳಿದರು:

“ಕ್ಯಾ ಕಾಕಾ, ಮ್ಯಾಲ ಲಾಲ್, ಒಳಗ ಪತ್ಥರ್, ಬರೀ ಕಲ್ಲು! ಎಲ್ಲಾ ಒಂದೇ ಸಮ ಮಾಗಿಸಿ ತರ್ರಿ. ಇಲ್ಲಾಂದ್ರ ಮುಂದಿನ ಹಂಗಾಮಕ್ಕ ನಿಮ್ಮ ಮಾಲು ಬ್ಯಾಡ.”

ಚಾಚಾ ಬೇಡ ಅಂದರೆ ಊರಿನ ಬಾಳೆ ಊರಿನ ಎಮ್ಮೆಗಳಿಗೇ ಗತಿ. ಬಾಳೆ ಮಾಗಿಸುವ ತಂಪು ಕೋಣೆಯೊಂದು ಬೇಕೇ ಬೇಕು ಅಂತ ಸಂಘ ತೀರ್ಮಾನಿಸಿತು. “ಸಮಿತಿಯೊಳಗ ನಾ ಅದೀನಿ, ಕೋಣಿ ಬಂತಂತ ತಿಳೀರಿ” ಅಂತ ಮೀಸೆ ತಿರುವಿ ಹೊರಟೆ.

ಮೊದಲ ಸಭೆಯಲ್ಲಿ ಸತ್ಕಾರ. ಸಮಿತಿಯ ಮುಖ್ಯಸ್ಥರಾದ ಸಾಹೇಬರು ಸದಸ್ಯರಿಗೆ ಶಾಲು ಹೊದಿಸಿದರು, ಸದಸ್ಯರು ಸಾಹೇಬರಿಗೆ ಹೊದಿಸಿದರು, ಆಮೇಲೆ ಸದಸ್ಯರು ಒಬ್ಬರಿಗೊಬ್ಬರು ಹೊದಿಸಿಕೊಂಡರು. ನನ್ನ ವಿಷಯ ಬರುವಷ್ಟರಲ್ಲಿ ಊಟದ ಹೊತ್ತಾಯಿತು, ಸಭೆ ಮುಗಿಯಿತು. ಮನೆಗೆ ಬಂದು ಶಾಲು ಕೊಡವಿ ತೋರಿಸಿದೆ.

ನಮ್ಮ ಮನೆಯವರು ಅಂದರು, “ಕೋಣಿ ತರಾಕ ಹೋಗಿ ಶಾಲು ತಂದೀರಿ. ಗೊನಿಗೆ ಹೊದಿಸ್ತೀರೇನು?”

೨. ತಜ್ಞರು

ಆಮೇಲೆ ರೈತರ ಸಂಘ-ಸಂಸ್ಥೆಗಳನ್ನು ಬಲಪಡಿಸುವ ತಜ್ಞರೊಬ್ಬರು ಕಮಲಾಪುರಕ್ಕೇ ಬಂದರು. ತೋಟದಲ್ಲಿ ನಿಂತು ಬೆಳಗಿನಿಂದ ಒಂದೇ ಮಾತು: “ನೀತಿ ಮಾಡುವವರು ಮೊದಲು ರೈತರ ಮಾತು ಕೇಳಬೇಕು.” ನಾವು ಬಾಯಿ ತೆಗೆದರೆ, “ತಡೆಯಿರಿ, ಇನ್ನೂ ಮುಗಿದಿಲ್ಲ.”

ಮಾತಿನ ಭರದಲ್ಲಿ ಪಕ್ಕದ ಗೊನೆಯಿಂದ ಒಂದು ಕಾಯಿ ಕಿತ್ತರು. “ಸಾಹೇಬ್ರ, ಅದು...” ಅಂದೆ.

“ತಡೆಯಿರಿ,” ಅಂದು ಗೀರಿ ಸುಲಿದು ದೊಡ್ಡದಾಗಿ ಕಚ್ಚಿದರು.

ಹಸಿ ಕಾಯಿಯ ಒಗರು ಎಂದರೆ ಸಾಮಾನ್ಯವಲ್ಲ. ನಾಲಿಗೆ ಅಂಗುಳಕ್ಕೆ ಅಂಟಿ ಕೂತುಬಿಟ್ಟಿತು. ಸಂಜೆಯವರೆಗೆ ಒಂದಕ್ಷರ ಹೊರಡಲಿಲ್ಲ. ಆ ಪುಣ್ಯಾತ್ಮ ನಮ್ಮ ಕಷ್ಟವನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ರೈತರ ಮಾತು ಕೇಳಿಸುವ ವಿಧಾನ ಕಂಡುಹಿಡಿದವನು ನಾನೇ. ಇದಕ್ಕೆ ಇನ್ನೂ ಯಾರೂ ಶಾಲು ಹೊದಿಸಿಲ್ಲ.

೩. ಸಾಹೇಬರ ಕುರ್ಚಿ

ಮುಂದಿನ ಸಭೆಗೆ ಸಾಕ್ಷಿ ಇರಲಿ ಅಂತ ಒಂದು ಹಸಿ ಗೊನೆಯನ್ನೇ ಆಟೋದಲ್ಲಿ ಹಾಕಿಕೊಂಡು ಹೋದೆ. ಪೆಟ್ಟಾಗಬಾರದೆಂದು ಸಾಹೇಬರ ಮೆತ್ತನೆಯ ಕುರ್ಚಿಯ ಮೇಲೆ ಕೂರಿಸಿದೆ. ಅಂದು ಸಾಹೇಬರಿಗೆ ಸತ್ಕಾರವಿತ್ತು. ಅವರೋ ಹೇಳದೆ ಕೇಳದೆ ಬೆಂಗಳೂರಿಗೆ ಹೋಗಿದ್ದರು. ತಂದ ಶಾಲು ಸತ್ಕಾರವಿಲ್ಲದೆ ವಾಪಸ್ ಒಯ್ಯುವುದು ನಮ್ಮ ಸಮಿತಿಯಲ್ಲಿ ಅಪಶಕುನ. ಸದಸ್ಯರು ಕುರ್ಚಿಯಲ್ಲಿ ಇದ್ದವರಿಗೇ ಹೊದಿಸಿ, ಫೋಟೊ ತೆಗೆಸಿಕೊಂಡು, ಬಾಗಿಲಿಗೆ ಕೀಲಿ ಹಾಕಿಸಿ ಹೋದರು.

ಆ ಕೀಲಿ ತೆಗೆದದ್ದು ಅದರ ಮುಂದಿನ ಸಭೆಗೇ. ಘಮ್ಮನೆ ವಾಸನೆ! ಶಾಲಿನೊಳಗೆ ಗೊನೆ ತುದಿಯಿಂದ ಬುಡದವರೆಗೆ ಒಂದೇ ಸಮ ಹಣ್ಣಾಗಿತ್ತು. ಸಾಹೇಬರು ಒಂದು ತಿಂದು ಇನ್ನೊಂದಕ್ಕೆ ಕೈ ಹಾಕಿದರು.

“ಕಾಕಾ, ಒಂದು ಶಾಲು ಹೊದಿಸಿದ್ರ ಹಣ್ಣಾಗ್ತದ. ಮತ್ತ ಕೋಣಿ ಯಾಕ್ ಬೇಕ್ರೀ ನಿಮಗ?”

 ನಾನೇ ಹೊತ್ತು ತಂದ ಗೊನೆ ನಮ್ಮ ಕೋಣೆಯನ್ನು ನುಂಗುತ್ತಿತ್ತು. ಆದರೆ ತಲೆ ಯಾರದು?

“ಅದು ಶಾಲಿನ ಗುಣ ಅಲ್ರೀ ಸಾಹೇಬ್ರ, ಈ ಸಭಾಂಗಣದ ಗುಣ. ಇಲ್ಲಿ ಬಾಗಲಾ ತೆಗಿಯೋರಿಲ್ಲ, ಕಿಡಕಿ ತೆಗಿಯೋರಿಲ್ಲ, ಒಂದು ಮನುಷ್ಯಾನ ಉಸಿರು ತಾಗೂದಿಲ್ಲ. ಇಂಥ ಜಾಗಾ ಕಮಲಾಪುರದಾಗ ಎಲ್ಲಿಂದ ತರೂಣ? ಕೋಣಿ ಬ್ಯಾಡ್ರಿ, ಇದನ್ನೇ ಕೊಡ್ರಿ. ನಾಳಿಗೇ ಟೆಂಪೊ ತುಂಬಿಸಿ ಗೊನಿ ತರ್ತೀವಿ.”

ಸಾಹೇಬರು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಹೊಸ ಕುರ್ಚಿಗಳನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಕೋಣೆ ಅಲ್ಲೇ ಮಂಜೂರಾಯಿತು. ಸಮಿತಿ ಹುಟ್ಟಿದ ಮೇಲೆ ಆದ ಮೊದಲ ನಿರ್ಣಯ.

೪. ಉದ್ಘಾಟನೆ

ಕಮಲಾಪುರದಲ್ಲಿ ಕೋಣೆ ಕಟ್ಟಿ ಮುಗಿಯುವಾಗ ಬೇಸಿಗೆ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ನನ್ನಂಥ ಗಟ್ಟಿಗನೂ ನೆರಳು ಹುಡುಕುವಂಥದ್ದು. ರಿಬ್ಬನ್ ಕತ್ತರಿಸಿ ಒಳಹೊಕ್ಕ ಸಾಹೇಬರು ಕಣ್ಣು ಮುಚ್ಚಿ ಉಸಿರೆಳೆದರು.

“ಆಹಾ, ಏನ್ ತಂಪದರೀ! ಮುಂದಿನ ಸಭಾ ಇಲ್ಲೇ ಮಾಡೂಣ.”

ಮಾಡಿದರು. ಎಂದೂ ಬಾರದ ಸದಸ್ಯರೂ ಬಂದರು. ಊಟದ ಹೊತ್ತಾದರೂ ಒಬ್ಬರೂ ಏಳಲಿಲ್ಲ. ಮರುವಾರ ಮತ್ತೆ ಸಭೆ, ಅದರ ಮರುವಾರ ಇನ್ನೊಂದು. ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ ಕೋಣೆಯ ಹದ ಕೆಟ್ಟು ನಮ್ಮ ಕಾಯಿಗಳು ಕಲ್ಲಾಗಿಯೇ ಉಳಿದವು. ಹಂಗಾಮು ಬಂತು, ಚಾಚಾನ ಗಡುವೂ ಬಂತು. ನಾನು ಸಾಹೇಬರ ಕಿವಿಯಲ್ಲಿ ಒಂದು ಮಾತು ಹಾಕಿದೆ. ಅವರು ಒಪ್ಪಿದರು.

ಗಡುವಿನ ದಿನ ಸೂಪರ್ ಮಾರ್ಕೆಟ್‌ನಲ್ಲಿ ಮಾಲು ಇಳಿಸಿದೆ. ಚಾಚಾ ಒಂದು ಹಣ್ಣು ಒತ್ತಿ ನೋಡಿದರು, ಇನ್ನೊಂದು ಸುಲಿದು ತಿಂದರು.

“ವಾಹ್ ಕಾಕಾ! ಎಲ್ಲಾ ಒಂದೇ ಸಮ. ಹೊಸಾ ಕೋಣಿ ಭಾರಿ ಕೆಲಸ ಮಾಡ್ಯದ ನೋಡ್ರಿ.”

“ಕೋಣಿ ಎಲ್ಲಿ ಖಾಲಿ ಅದ ಚಾಚಾ? ಅದರಾಗ ಸಮಿತಿ ಮಾಗಾಕತ್ತದ. ಗೊನಿ ಎಲ್ಲಾ ಸಭಾಂಗಣದಾಗ ಶಾಲು ಹೊದ್ಕೊಂಡು ಕುಂತಾವ.”